ನಿಮಗಿದು ಗೊತ್ತೇ? ಹೊರಗೆ ನೋಡದೆ ವಿಮಾನ ಹಾರಿಸೋದು!

ವಿಜಯಪುರದ ಸಮೈರಾ ಹುಲ್ಲೂರ 18ನೇ ವಯಸ್ಸಿಗೇ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದರು. ನಮ್ಮ ದೇಶದಲ್ಲಿ ಅದಕ್ಕೆ ಬೇಕಾದ ಕನಿಷ್ಠ ವಯಸ್ಸೇ 18!

ಆದರೆ ಆ ಲೈಸೆನ್ಸ್ ಒಂದೇ ಸಾಲದು, ಮೋಡದೊಳಗೆ ನುಗ್ಗಬೇಕಾದರೆ ‘ಇನ್‌ಸ್ಟ್ರುಮೆಂಟ್ ರೇಟಿಂಗ್’ ಕೂಡ ಬೇಕು. ಅದಕ್ಕೆ ಬರೀ ಮೀಟರುಗಳನ್ನು ನೋಡುತ್ತಾ 40 ಗಂಟೆ ಕಲಿಯಬೇಕು. ಇದರಲ್ಲಿ 20 ಗಂಟೆಯವರೆಗೆ ನೆಲ ಬಿಡದೆ, ಸಿಮ್ಯುಲೇಟರಿನಲ್ಲೇ ಮುಗಿಸಬಹುದು!

ಮೋಡವೇ ಇಲ್ಲದ ದಿನ ಏನು ಮಾಡೋದು? ಕಲಿಯುವವರ ಹಣೆಗೆ ಒಂದು ಮರೆ ಹಾಕುತ್ತಾರೆ. ಮೀಟರು ಕಾಣುತ್ತೆ, ಆಕಾಶ ಕಾಣಲ್ಲ. ಪಕ್ಕದಲ್ಲಿ ಕೂತ ಗುರುಗಳು ಹೊರಗೆ ಕಣ್ಣಿಟ್ಟಿರುತ್ತಾರೆ, ಗಾಬರಿ ಬೇಡ!

ಈ ಗುರುಗಳ ಕೀಟಲೆ ಕೇಳಿ. ‘ಕಣ್ಣು ಮುಚ್ಚು’ ಅಂತಾರೆ. ವಿಮಾನವನ್ನು ಅಡ್ಡಾದಿಡ್ಡಿ ವಾಲಿಸುತ್ತಾರೆ. ‘ಈಗ ಕಣ್ಣು ಬಿಡು, ಸರಿ ಮಾಡು’ ಅಂತಾರೆ! ಸಾಲದೆಂಬಂತೆ ಒಂದೆರಡು ಮೀಟರುಗಳನ್ನೂ ಮುಚ್ಚಿಬಿಡುತ್ತಾರೆ. ಉಳಿದವುಗಳಲ್ಲೇ ಸಂಭಾಳಿಸಬೇಕು!

ಇಷ್ಟೆಲ್ಲ ಯಾಕೆ? ಸಮತೋಲನ ತಿಳಿಸುವ ನಿಮ್ಮ ಒಳಕಿವಿಯೇ ನಿಮಗೆ ಸುಳ್ಳು ಹೇಳುತ್ತೆ! ವಿಮಾನ ಒಂದೇ ಸಮ ತಿರುಗುತ್ತಿದ್ದರೆ, ಸ್ವಲ್ಪ ಹೊತ್ತಿಗೆ ನೆಟ್ಟಗೆ ಹೋಗುತ್ತಿದ್ದೇವೆ ಅನಿಸುತ್ತೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಈ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟ ಮರೆಮಾಡಿದರು. ಇಪ್ಪತ್ತೂ ಮಂದಿಗೆ ಹಿಡಿತ ತಪ್ಪಿತು! ಅದೂ ಸರಾಸರಿ 178 ಸೆಕೆಂಡಿನಲ್ಲಿ. ಪುಟ್ಟ ತರಬೇತಿ ವಿಮಾನವಾದರೆ ಅಷ್ಟರಲ್ಲಿ ವಿಜಯಪುರದಿಂದ ತಿಕೋಟಾಕ್ಕೆ ಹೆಚ್ಚುಕಡಿಮೆ ಅರ್ಧ ದಾರಿ ಆಗಿರುತ್ತೆ, ಅಷ್ಟೇ!

ಬಬಲೇಶ್ವರದ ಮೇಲೆ ಮೋಡದಲ್ಲಿ ಒಂದು ಪೂರ್ತಿ ಸುತ್ತು ಹೊಡೆಯಬೇಕೆನ್ನಿ. ಸೆಕೆಂಡಿಗೆ 3 ಡಿಗ್ರಿ ತಿರುಗೋದು ರೂಢಿ. ಸರಿಯಾಗಿ 2 ನಿಮಿಷ! ಪೈಲಟ್ ಕೆಳಗೆ ಇಣುಕೋದೇ ಇಲ್ಲ, ಗಡಿಯಾರ ನೋಡುತ್ತಾರೆ.

ಇಳಿಯುವಾಗ ‘ಐಎಲ್‌ಎಸ್’ ಎಂಬ ವ್ಯವಸ್ಥೆಯ ರೇಡಿಯೊ ಕಿರಣವೇ ದಾರಿ. ಸಾಮಾನ್ಯ ದರ್ಜೆಯ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿವರೆಗೂ ಏನೂ ಕಾಣದಿದ್ದರೂ ಇಳಿಯುತ್ತಾ ಬರಬಹುದು. ಅಂದರೆ ನಮ್ಮ ಗೋಲಗುಮ್ಮಟದ ಎತ್ತರದ ಆಸುಪಾಸು! ಆಗಲೂ ರನ್‌ವೇ ದೀಪ ಕಾಣದಿದ್ದರೆ ಮತ್ತೆ ಮೇಲೇರಬೇಕು.

ಇದಕ್ಕೆಲ್ಲ ದಾರಿ ತೋರಿದವರು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್. 1929ರ ಸೆಪ್ಟೆಂಬರ್ 24ರಂದು ತಮ್ಮ ಕಾಕ್‌ಪಿಟ್ ಪೂರ್ತಿ ಮುಚ್ಚಿಸಿಕೊಂಡು ಮೇಲೇರಿದರು, ಒಂದು ಸುತ್ತು ಹಾರಿದರು, ಇಳಿದೂ ಬಿಟ್ಟರು. ಹೊರಗಿನದು ಒಂದಿಷ್ಟೂ ನೋಡದೆ!

ಇನ್ನು ಇದು ನನಗೆ ತೀರಾ ಇಷ್ಟವಾದದ್ದು. ಇಷ್ಟು ಕಷ್ಟಪಟ್ಟು ಗಳಿಸಿದ ರೇಟಿಂಗಿಗೆ ನಮ್ಮಲ್ಲಿ ಆಯಸ್ಸು 12 ತಿಂಗಳು ಮಾತ್ರ. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗೂ ವರ್ಷ ವರ್ಷ ಪರೀಕ್ಷೆ ತಪ್ಪಿದ್ದಲ್ಲ!