ಲೂಪ್ ಪಾಠಕ್ಕೆ ಶಾಲಾ ಕಚೇರಿಯ ಉದಾಹರಣೆ: ಹಳೆಯ ಆಕ್ಸೆಸ್ ಕಡತಗಳ ಪರಿವರ್ತನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಶಾಲೆಗಳಲ್ಲಿ ಅಭ್ಯಾಸ ಬೋಧನೆ ಮಾಡುವ ನಾವು ಲೂಪ್ ಕಲಿಸಲು ಸಾಮಾನ್ಯವಾಗಿ 1ರಿಂದ 10ರ ವರೆಗೆ ಮುದ್ರಿಸುವ ಉದಾಹರಣೆಯನ್ನೇ ಕೊಡುತ್ತೇವೆ. “ಇದರಿಂದ ಏನು ಉಪಯೋಗ ಟೀಚರ್?” ಎಂದು ಮಕ್ಕಳು ಕೇಳಿದರೆ ಶಾಲಾ ಕಚೇರಿಯ ಕಂಪ್ಯೂಟರಿನಲ್ಲೇ ಉತ್ತರವಿದೆ.

ಸಮಸ್ಯೆ

ಮೈಕ್ರೋಸಾಫ್ಟ್ ಆಕ್ಸೆಸ್ 2003ರ ವರೆಗೆ ಎಂಡಿಬಿ ಎಂಬ ಕಡತ ರೂಪವನ್ನು ಬಳಸುತ್ತಿತ್ತು. 2007ರ ಆವೃತ್ತಿಯಿಂದ ಎಸಿಸಿಡಿಬಿ ಬಂದಿತು. ಆಕ್ಸೆಸ್ 2013 ಮತ್ತು ಅನಂತರದ ಆವೃತ್ತಿಗಳು ಆಕ್ಸೆಸ್ 97ರ ಕಡತಗಳನ್ನು ತೆರೆಯುವುದೇ ಇಲ್ಲ. ಅಂಥ ಕಡತದಲ್ಲಿ ಪ್ರವೇಶ ದಾಖಲೆಗಳಿದ್ದರೆ, ಹಳೆ ವಿದ್ಯಾರ್ಥಿಯೊಬ್ಬ ವರ್ಗಾವಣೆ ಪತ್ರದ ನಕಲು ಕೇಳಿ ಬಂದಾಗ ಆತನ ಜನ್ಮದಿನಾಂಕ ಇದ್ದೂ ಇಲ್ಲದಂತೆ.

ಪರಿಹಾರದ ಹಂತಗಳು

40 ಕಡತಗಳಿವೆ ಎಂದುಕೊಳ್ಳೋಣ. ಒಂದೊಂದನ್ನೇ ತೆರೆದು ಉಳಿಸುವ ಬದಲು, ಆಕ್ಸೆಸ್ 2010 ಇರುವ ಕಂಪ್ಯೂಟರಿನಲ್ಲಿ ವಿಬಿಎ ಭಾಷೆಯ ಹತ್ತಾರು ಸಾಲು ಸಾಕು.

1. ಮೂಲ ಕಡತಗಳನ್ನು ಬೇರೆಡೆ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡಿ. ಹೊಸ ಕಡತಗಳಿಗೆ ಖಾಲಿ ಫೋಲ್ಡರ್ ಇರಲಿ.
2. ‘ಡಿರ್’ ಆಜ್ಞೆಯಿಂದ ಮೊದಲ ಎಂಡಿಬಿ ಕಡತದ ಹೆಸರು ಪಡೆಯಿರಿ.
3. ಹೆಸರು ಖಾಲಿ ಅಲ್ಲದಿದ್ದರೆ ‘ಕನ್ವರ್ಟ್‌ಆಕ್ಸೆಸ್‌ಪ್ರಾಜೆಕ್ಟ್’ ಆಜ್ಞೆಗೆ ಮೂರು ಮೌಲ್ಯ ಕೊಡಿ: ಹಳೆಯ ಕಡತ, ಹೊಸ ಕಡತ, 2007ರ ರೂಪವನ್ನು ಸೂಚಿಸುವ ಸಂಖ್ಯೆ 12.
4. ದೋಷ ಬಂದರೆ ಆ ಕಡತದ ಹೆಸರನ್ನು ಬರೆದಿಟ್ಟುಕೊಳ್ಳಲಿ.
5. ಮತ್ತೆ ‘ಡಿರ್’ ಕರೆದು ಮುಂದಿನ ಹೆಸರು ಪಡೆದು 3ನೇ ಹಂತಕ್ಕೆ ಮರಳಿ.

ಇಲ್ಲಿ 2ನೇ ಹಂತ ಲೂಪಿನ ಆರಂಭ, 3ನೆಯದು ಷರತ್ತು, 5ನೆಯದು ಮುನ್ನಡೆ. 5ನೇ ಹಂತ ಬಿಟ್ಟರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿ. ಮೊದಲ ಕಡತದಲ್ಲೇ ಸುತ್ತುತ್ತಿರುತ್ತದೆ ಎಂದು ಅವರೇ ಹೇಳಿದರೆ ಅನಂತ ಲೂಪ್ ಅರ್ಥವಾಯಿತು.

ಪರಿಶೀಲನೆ

ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಕಾಗದಕ್ಕೆ ಪ್ರತಿ ಮಾಡಿದ ಕಥೆ ಇಲ್ಲಿ ನೆರವಾಗುತ್ತದೆ: ಲಿಪಿ, ಹಾಳೆ ಬದಲಾದರೂ ಪಠ್ಯ ಬದಲಾಗಬಾರದು, ಮೂಲವೂ ಉಳಿಯಬೇಕು. ಆದ್ದರಿಂದ ಪ್ರತಿ ಕೋಷ್ಟಕದ ದಾಖಲೆಗಳ ಸಂಖ್ಯೆಯನ್ನು ಹಳತು–ಹೊಸತರಲ್ಲಿ ಹೋಲಿಸಿ. ಕೆಲವು ಜನ್ಮದಿನಾಂಕಗಳನ್ನು ಪ್ರವೇಶ ವಹಿಯೊಂದಿಗೆ ತಾಳೆ ನೋಡಿ. ಹಳೆಯ ಬಳಕೆದಾರ ಮಟ್ಟದ ಭದ್ರತೆ ಎಸಿಸಿಡಿಬಿಗೆ ಬರುವುದಿಲ್ಲ ಎಂಬುದು ನೆನಪಿರಲಿ.

ಇನ್ನೊಂದು ಮಾತು. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಹೆಸರುಗಳು ಕಡತ ಬದಲಾದ ಮಾತ್ರಕ್ಕೆ ಯೂನಿಕೋಡ್ ಆಗುವುದಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪೆಟ್ಟಿಗೆ ಬದಲಿಸುವುದು ಒಂದು ಕೆಲಸ, ಒಳಗಿನ ಅಕ್ಷರ ಬದಲಿಸುವುದು ಬೇರೆಯೇ ಕೆಲಸ.

ತರಗತಿಗೆ ಮಾತ್ರ ನಿಜವಾದ ದಾಖಲೆ ಒಯ್ಯಬೇಡಿ. ಕಲ್ಪಿತ ಹೆಸರುಗಳ ಮೂರು ಕಡತ ಸಾಕು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: 40 ಕಡತ ಹೋಗಿ 39 ಬಂದರೆ, ಬಾರದಿದ್ದುದು ಯಾವುದೆಂದು ಯಾವ ಹಂತ ಹೇಳುತ್ತದೆ?