ಇಂಗ್ಲಿಷ್ ಬಾರದಿರುವುದು ಬೇರೆ, ಓದಲು ಆಗದಿರುವುದು ಬೇರೆ

ಶಿವಮೊಗ್ಗದ ಸವಳಂಗ ರಸ್ತೆಯನ್ನು ಬಲ್ಲವರಿಗೆ ನವುಲೆಯ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜು ಗೊತ್ತೇ ಇರುತ್ತದೆ. 1980ರಲ್ಲಿ ಆರಂಭವಾದ ಈ ಕಾಲೇಜಿನಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಅದೇ ರಸ್ತೆ ಹಿಡಿದು ಮುಂದೆ ಹೋದರೆ ಸವಳಂಗ. ಅದರ ಆಸುಪಾಸಿನಲ್ಲಿ ಲಂಬಾಣಿ ತಾಂಡಾಗಳು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದ ಸೂರಗೊಂಡನಕೊಪ್ಪವೂ ಆ ಕಡೆಯೇ, ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾದ ಮಗುವಿಗೆ ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಮುಂದೆ ವಿಜ್ಞಾನ ಓದಬೇಕೆಂದರೆ ಇಂಗ್ಲಿಷ್. ಇತ್ತ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ಎಷ್ಟೋ ಕುಟುಂಬಗಳ ಮನೆಮಾತು ತಮಿಳು. ಒಂದೇ ಬೆಂಚಿನಲ್ಲಿ ಮೂರು ಮನೆಮಾತಿನ ಮಕ್ಕಳು ಕೂತಿರುವುದು ಈ ಭಾಗದ ಹೈಸ್ಕೂಲುಗಳಲ್ಲಿ ಹೊಸದೇನಲ್ಲ.

ಪರದೆಯ ಮೇಲೆ ತಜ್ಞರ ಮಾತು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಬಿಡಿಸಿ ಹೇಳಲಾಗದ ಒಂದು ವಿಷಯವನ್ನು ಇಲ್ಲಿ ನೋಡೋಣ.

ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಇಂಗ್ಲಿಷ್ ಪಾಠ ಓದಲು ಮೇಷ್ಟ್ರು ಎಬ್ಬಿಸಿದಾಗ ಇಬ್ಬರೂ ತಡವರಿಸುತ್ತಾರೆ. ಇಬ್ಬರ ಸ್ಪೆಲಿಂಗೂ ತಪ್ಪು. ಕಿರುಪರೀಕ್ಷೆಯಲ್ಲಿ ಇಬ್ಬರಿಗೂ ಇಪ್ಪತ್ತೈದಕ್ಕೆ ಏಳು. ಆದರೆ ಹುಡುಗನಿಗೆ ಇಂಗ್ಲಿಷ್ ಹೊಸದು, ಅಷ್ಟೇ. ಹುಡುಗಿಗೆ ಯಾವ ಭಾಷೆಯ ಬರಹವಾದರೂ ಕಷ್ಟ. ಅವಳಿಗಿರುವುದು ಡಿಸ್‌ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆ. ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಕಿವಿಗೆ ಕೇಳುವ ಧ್ವನಿಯನ್ನು ಕಣ್ಣಿಗೆ ಕಾಣುವ ಅಕ್ಷರಕ್ಕೆ ಜೋಡಿಸುವ ಕೆಲಸವನ್ನು ಅವಳ ಮಿದುಳು ನಿಧಾನವಾಗಿ, ಶ್ರಮಪಟ್ಟು ಮಾಡುತ್ತದೆ. ಸ್ಟುಡಿಯೋದಲ್ಲಿ ಧ್ವನಿ ಬಾರದಿದ್ದರೆ ಮೈಕು ಕೆಟ್ಟಿದೆಯೋ ತಂತಿ ಕಡಿದಿದೆಯೋ ಎಂದು ನಾವು ಮೊದಲು ನೋಡುತ್ತೇವೆ. ಶಾಲೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಮದ್ದು: ಟ್ಯೂಷನ್, ಇಲ್ಲವೇ ಬೈಗುಳ.

ಇವೆರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಮೊದಲು ವಿದ್ಯಾರ್ಥಿ ಚೆನ್ನಾಗಿ ಬಲ್ಲ ಭಾಷೆಯಲ್ಲೇ ಅವನನ್ನು ಪರೀಕ್ಷಿಸಬೇಕು. ಇದು ಸರಳವಾಗಿ ಕಂಡರೂ ಜಗತ್ತು ಇದನ್ನು ಕಷ್ಟಪಟ್ಟೇ ಕಲಿತದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿ ಪರೀಕ್ಷೆ ನಡೆಸಿ, ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಮನೆಮಾತಿನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಹೆಚ್ಚಿನವರು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ಗೊತ್ತಾಯಿತು. ಮಗುವನ್ನು ಅದರ ಮಾತಿನಲ್ಲೇ ಪರೀಕ್ಷಿಸಬೇಕೆಂದು 1970ರಲ್ಲಿ ಆ ರಾಜ್ಯ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು.

ನಮ್ಮಲ್ಲಿ ಈ ಪರೀಕ್ಷೆಗೆ ಕನ್ನಡ ಲಿಪಿ ಸ್ವಲ್ಪ ನೆರವಾಗುತ್ತದೆ, ಸ್ವಲ್ಪ ದಾರಿ ತಪ್ಪಿಸುತ್ತದೆ. ಇಂಗ್ಲಿಷಿನ ಅಕ್ಷರ 26 ಆದರೂ ಒಂದೇ ಅಕ್ಷರಕ್ಕೆ ಹಲವು ಉಚ್ಚಾರ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಆದರೆ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳುವಷ್ಟರಲ್ಲಿ ಎಷ್ಟೋ ಮಕ್ಕಳು ನಾಲ್ಕನೆಯ ತರಗತಿಗೆ ಬಂದಿರುತ್ತಾರೆ ಎಂಬುದು ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿಯುತ್ತದೆ. ಹೈಸ್ಕೂಲಿಗೆ ಬಂದ ಮೇಲೂ ಒತ್ತಕ್ಷರ ಬಿಟ್ಟುಹೋಗುವುದು, ಹ್ರಸ್ವ ದೀರ್ಘ ಅದಲುಬದಲಾಗುವುದು, ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದರ ಅರ್ಥವೇ ಮರೆತುಹೋಗುವುದು, ಆದರೆ ಅದೇ ಪಾಠವನ್ನು ಬೇರೆಯವರು ಓದಿ ಹೇಳಿದರೆ ಥಟ್ಟನೆ ಉತ್ತರ ಕೊಡುವುದು: ಇವೆಲ್ಲ ಒಟ್ಟಾಗಿ ಕಂಡರೆ ಕಲಿಕಾ ನ್ಯೂನತೆಯನ್ನು ಸಂಶಯಿಸಬೇಕು.

ಎಲ್ಲ ತಪ್ಪೂ ನ್ಯೂನತೆಯಲ್ಲ ಎಂಬುದನ್ನೂ ನೆನಪಿಡಿ. ತಮಿಳು ಲಿಪಿಯಲ್ಲಿ ಮಹಾಪ್ರಾಣವಿಲ್ಲ, ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ತಮಿಳು ಮನೆಯ ಹುಡುಗ 'ಖಗ'ವನ್ನು 'ಕಕ' ಎಂದು ಬರೆದರೆ ಅದು ಮನೆಮಾತಿನ ಪ್ರಭಾವ. 'ಹಾಲು' ಎನ್ನುವಲ್ಲಿ 'ಆಲು' ಎಂದು ಬರೆಯುವವನದು ಊರಿನ ಆಡುಮಾತು. ಇನ್ನೊಂದು ಕಡೆ, ನ್ಯೂನತೆ ಸೌಮ್ಯವಾಗಿದ್ದರೆ ಬರೆದಂತೆ ಓದುವ ಕನ್ನಡದಲ್ಲಿ ಅದು ಅಡಗಿ ಕೂತು, ಇಂಗ್ಲಿಷಿನಲ್ಲಿ ಮಾತ್ರ ಹೊರಬೀಳಬಹುದು. ಆದ್ದರಿಂದ ಕೊನೆಯ ತೀರ್ಮಾನ ತಜ್ಞರದೇ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಈ ಪರೀಕ್ಷೆ ಮಾಡುತ್ತವೆ.

ಇನ್ನು ಇಂಗ್ಲಿಷ್ ಹೊಸದಾದ ಆ ಹುಡುಗ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹಾಗಿದ್ದೂ ಹೀಗೇಕೆ? ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ಗಮನಿಸಿ ಒಂದು ಮಾತು ಹೇಳಿದರು: ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಎರಡು ವರ್ಷದಲ್ಲಿ ಬಂದೀತು, ಪಾಠಪುಸ್ತಕದ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಇಂಗ್ಲಿಷೇ ಕೇಳಿಬರುವ ಊರಿನಲ್ಲಿ! 'ವೇಗೋತ್ಕರ್ಷ', 'ಸಂವೇಗ' ಎಂದರೆ ಚೆನ್ನಾಗಿ ಬಲ್ಲ ಹುಡುಗ ಪಿ.ಯು.ಸಿ.ಯ ಮೊದಲ ವಾರ 'ಆಕ್ಸೆಲರೇಷನ್', 'ಮೊಮೆಂಟಮ್' ಕೇಳಿ ಬೆಪ್ಪಾದರೆ ಅವನಿಗೆ ಭೌತಶಾಸ್ತ್ರ ಬಾರದು ಎಂದಲ್ಲ. ಹೈಸ್ಕೂಲಿನಲ್ಲೇ ಎರಡೂ ಪದಗಳನ್ನು ಅಕ್ಕಪಕ್ಕ ಬರೆದು ಕಲಿಸುವುದು, ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿಸಿ ಆಮೇಲೆ ಇಂಗ್ಲಿಷಿನಲ್ಲಿ ಬರೆಸುವುದು ಅವನಿಗೆ ನಿಜವಾದ ನೆರವು. ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಬಿಟ್ಟುಬಿಡಿ ಎಂದು ತಂದೆತಾಯಿಗೆ ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಅದು ಕೂತ ಕೊಂಬೆಯನ್ನೇ ಕಡಿಯುವ ಸಲಹೆ.

ಹುಡುಗಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ಕಾಯಿದೆಯ 21ರಲ್ಲಿ ಅದು ಸೇರಿದೆ. ಅದನ್ನು ಬೇಗ ಪತ್ತೆಹಚ್ಚಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಯ ಹೊಣೆ ಎಂದು 16ನೆಯ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವ ಲಿಪಿಕಾರರು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ, ಇವುಗಳ ಪ್ರಸ್ತಾಪ 17ನೆಯ ಸೆಕ್ಷನ್ನಿನಲ್ಲಿದೆ. ಕೇಂದ್ರದ 2018ರ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ವೈಕಲ್ಯ ಶೇಕಡ 40ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಭಾಷಾ ವಿನಾಯಿತಿ ಏಕೆ ಎಂದು ಕೆಲವರು ಮೂಗು ಮುರಿಯುವುದುಂಟು. ಹುಟ್ಟಿನಿಂದಲೇ ಕಿವಿ ಕೇಳದ ವಿದ್ಯಾರ್ಥಿಯನ್ನು ನೆನೆಯಿರಿ. ಕನ್ನಡವನ್ನು ಕೇಳದೆಯೇ, ಕಣ್ಣಿನಿಂದಲೇ ಕಲಿತವರು ಅವರು. ಸಂಜ್ಞಾ ಭಾಷೆಯಲ್ಲಿ ಬೆಳೆದಿದ್ದರೆ ಕನ್ನಡವೇ ಅವರಿಗೆ ಎರಡನೆಯ ಭಾಷೆ. ಅದರ ಮೇಲೆ ಇನ್ನೆರಡು ಭಾಷೆಗಳ ಪರೀಕ್ಷೆ ಹೇರಿದರೆ ಅಳೆದಂತಾಗುವುದು ಕಿವಿಯನ್ನೇ ಹೊರತು ಕಲಿಕೆಯನ್ನಲ್ಲ. ಆದರೆ ಇಂಗ್ಲಿಷ್ ಹೊಸದಾದ ಆ ಹುಡುಗನಿಗೆ ಇದೇ ವಿನಾಯಿತಿ ಸಿಕ್ಕಿದರೆ ಅದು ನಷ್ಟ. ಕಲಿಯಬಲ್ಲ ಭಾಷೆಯ ಬಾಗಿಲನ್ನೇ ಅವನಿಗೆ ಮುಚ್ಚಿದಂತೆ.

ನಿಮ್ಮಲ್ಲೋ ನಿಮ್ಮ ತಮ್ಮ ತಂಗಿಯರಲ್ಲೋ ಮೇಲೆ ಹೇಳಿದ ಲಕ್ಷಣಗಳು ಕಂಡರೆ ಎಂಟನೆಯ ತರಗತಿಯಲ್ಲೇ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡಿದರೆ ಕಾಗದಪತ್ರ ಮುಗಿಯುವಷ್ಟರಲ್ಲಿ ಪರೀಕ್ಷೆಯೇ ಬಂದಿರುತ್ತದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕೇಳಬಹುದು. ತಜ್ಞರ ಬಳಿಗೆ ಹೋಗುವಾಗ ಇಂಗ್ಲಿಷ್ ನೋಟ್‌ಬುಕ್ಕಿನ ಜೊತೆಗೆ ಹಿಂದಿನ ಎರಡು ಮೂರು ವರ್ಷಗಳ ಕನ್ನಡ ನೋಟ್‌ಬುಕ್ಕುಗಳನ್ನೂ ಒಯ್ಯಿರಿ, ಮತ್ತು ಮನೆಯಲ್ಲಿ ಆಡುವ ಮಾತು ಯಾವುದೆಂದು ಮೊದಲೇ ಹೇಳಿಬಿಡಿ.