ಹಳ್ಳಿಕಾರ್ ರಾಸುಗಳೂ ಅತಿಶೈತ್ಯದ ಉಪಯೋಗವೂ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ಹಳ್ಳಿಕಾರ್ ರಾಸುಗಳ ಯೋಗ್ಯತೆಯನ್ನು ಬಣ್ಣಿಸಬೇಕಾದುದಿಲ್ಲ. ಆದರೆ ಊರೂರಿಗೂ ಇರುತ್ತಿದ್ದ ಬೀಜದ ಹೋರಿಗಳು ಈಗ ವಿರಳವಾಗಿವೆ. ಉತ್ತಮವಾದ ಹೋರಿಯು ದೂರದಲ್ಲಿದ್ದರೂ, ಸತ್ತು ಅನೇಕ ವರ್ಷಗಳಾಗಿದ್ದರೂ, ಅದರ ಸಂತತಿಯನ್ನು ನಮ್ಮ ಕೊಟ್ಟಿಗೆಯಲ್ಲಿಯೇ ಪಡೆಯುವುದು ಅತಿಶೈತ್ಯದಿಂದ ಸಾಧ್ಯವಾಗಿರುವುದು.

ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆಯು ಮೊದಲು ನಡೆದುದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರಮಿನಲ್ಲಿ. ನಡೆಸಿದವರು ಸಂಪತ್ ಕುಮಾರನ್. ಆ ಕಾಲದಲ್ಲಿ ವೀರ್ಯವನ್ನು ಕೆಲವು ದಿನಗಳಿಗಿಂತ ಹೆಚ್ಚು ಇಡುವಂತಿರಲಿಲ್ಲ. ಹೆಪ್ಪುಗಟ್ಟಿಸಿದರೆ ನೀರು ಹರಳಾಗಿ ವೀರ್ಯಾಣುಗಳನ್ನು ಕೊಲ್ಲುತ್ತಿತ್ತು. ಗ್ಲಿಸರಿನ್ ಬೆರೆಸಿದರೆ ಈ ಹಾನಿಯು ತಗ್ಗುವುದೆಂಬುದನ್ನು 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿದ್ವಾಂಸರು ಪ್ರಕಟಿಸಿದರು.

ಈಗ ವೀರ್ಯವನ್ನು ಮೊಟ್ಟೆಯ ಹಳದಿ, ಗ್ಲಿಸರಿನ್ ಮೊದಲಾದವುಗಳೊಡನೆ ಬೆರೆಸಿ, ಕಾಲು ಮಿಲಿಲೀಟರು ಹಿಡಿಯುವ ನಳಿಕೆಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಮುಳುಗಿಸಿಡುವರು. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿ ಇದಕ್ಕಾಗಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಸಾರಜನಕವೆಂಬುದು ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗೂ ಮಿಕ್ಕಿರುವ ಅನಿಲವೇ. ದ್ರವರೂಪದಲ್ಲಿ ಅದು ಕುದಿಯುವುದು ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡು ಕೆಳಗೆ. ಅಷ್ಟು ಶೈತ್ಯದಲ್ಲಿ ಜೀವಕ್ರಿಯೆಗಳು ಸ್ತಬ್ಧವಾಗುವುದರಿಂದ ವೀರ್ಯವು ದಶಕಗಳವರೆಗೂ ಕೆಡದು.

ಶೈತ್ಯವು ತಪ್ಪಿದರೆ ಮಾತ್ರ ಎಲ್ಲವೂ ವ್ಯರ್ಥ. ಜಾಡಿಯು ಎಷ್ಟೇ ಭದ್ರವಾಗಿದ್ದರೂ ದ್ರವವು ದಿನವೂ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತಲೇ ಇರುವುದು. ಸಕಾಲದಲ್ಲಿ ತುಂಬದಿದ್ದರೆ ನಳಿಕೆಗಳು ನೋಟಕ್ಕೆ ಮೊದಲಿನಂತೆಯೇ ಇದ್ದು ಒಳಗೆ ನಿರ್ಜೀವವಾಗುವುವು. ಹಸುವು ಗಬ್ಬ ನಿಲ್ಲದೆ ಮೂರು ವಾರಗಳ ತರುವಾಯ ಮತ್ತೆ ಬೆದೆಗೆ ಬಂದಾಗ ರೈತನು ಹಸುವನ್ನು ಹಳಿಯುವನು. ಹಲವು ವೇಳೆ ಕಸಾಯಿಗೂ ಮಾರಿಬಿಡುವನು. ಪಾಪ, ಹಸುವಿನದೇನು ತಪ್ಪು? ಒಣಗಿದ ಮರದ ಕೋಲನ್ನು ಜಾಡಿಯ ತಳದವರೆಗೆ ಇಳಿಸಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಹೊರತೆಗೆದು ಗಾಳಿಯಲ್ಲಿ ಆಡಿಸಿದರೆ, ಬಿಳಿಯ ಹಿಮವು ಕಟ್ಟಿದ ಎತ್ತರವೇ ದ್ರವದ ಮಟ್ಟ. ದ್ರವವು ತಗುಲಿದರೆ ಚರ್ಮವು ಸುಟ್ಟಂತಾಗುವುದರಿಂದ ಈ ಪರೀಕ್ಷೆಯನ್ನು ಪಶುವೈದ್ಯ ಸಿಬ್ಬಂದಿಯವರೇ ಮಾಡತಕ್ಕದ್ದು. ಮಾಡಿ ತೋರಿಸಿರೆಂದು ಕೇಳಲು ಯಜಮಾನರು ಸಂಕೋಚಪಡಬೇಕಾದುದಿಲ್ಲ.

ಜಾಡಿಯಿಂದ ತೆಗೆದ ನಳಿಕೆಯನ್ನು 37 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒಡನೆಯೇ ಉಪಯೋಗಿಸಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದಾಗಲಿ, ಜೇಬಿನಲ್ಲಿಟ್ಟು ತರುವುದಾಗಲಿ ಕೂಡದು. ಕರಗಿದುದನ್ನು ಪುನಃ ಹೆಪ್ಪುಗಟ್ಟಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ಬೆದೆಯು ಕಂಡರೆ ಅಂದೇ ಸಂಜೆಯೂ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆಯೂ ಗರ್ಭಧಾರಣೆ ಮಾಡಿಸುವುದು ವಾಡಿಕೆ.

ಕುಣಿಗಲ್ ಕುದುರೆಗಳಿಗೂ ಹೆಸರಾದ ಊರಷ್ಟೆ. ಪಂದ್ಯದ ಥರೋಬ್ರೆಡ್ ಕುದುರೆಗಳಿಗೆ ಮಾತ್ರ ಈ ಕ್ರಮವು ಸಲ್ಲದು. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಅವುಗಳ ವಂಶಾವಳಿಯಲ್ಲಿ ದಾಖಲು ಮಾಡರು. ರಾಸುಗಳಿಗೆ ಅಂತಹ ನಿರ್ಬಂಧವಿಲ್ಲ. ಹಾಲಿಗಾಗಿ ಸೀಮೆಯ ತಳಿಯನ್ನು ಬಯಸುವವರು ಬಯಸಲಿ. ಮನೆಯ ಶುದ್ಧ ಹಳ್ಳಿಕಾರ್ ಹಸುವಿಗಾದರೋ ಹಳ್ಳಿಕಾರ್ ಹೋರಿಯ ನಳಿಕೆಯನ್ನೇ ಕೇಳತಕ್ಕದ್ದು. ಹೋರಿಯ ಸಂಖ್ಯೆಯು ನಳಿಕೆಯ ಮೇಲೆಯೇ ಅಚ್ಚಾಗಿರುವುದು. ಅದನ್ನೂ ತಾರೀಖನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದೆ ಅದೇ ಹೋರಿಯ ವೀರ್ಯವನ್ನು ಅದರ ಮಗಳಿಗೆ ಕೊಡಿಸುವ ಪ್ರಮಾದವು ತಪ್ಪುವುದು.